ಓದುಗರ ಸ್ಪಂದನ: ‘ತಂಗಿಯನ್ನು ಕರೆತರಲೇ, ಬೇಡವೇ?’

ಎಂಟು ತಿಂಗಳ ಕೂಸಿರುವ ತಂಗಿ ಫೋನಿನಲ್ಲಿ ‘ನಾನಿಲ್ಲದಿದ್ದರೆ ಎಲ್ಲರಿಗೂ ಸಲೀಸು’ ಎನ್ನುತ್ತಾಳೆ. ಕರೆತಂದರೆ ಸಂಸಾರ ಮುರಿದ ಹೆಸರು ನನಗೆ. ಅಪ್ಪ ಅಮ್ಮ ‘ಸ್ವಲ್ಪ ದಿನ ನೋಡೋಣ’ ಎನ್ನುತ್ತಿದ್ದಾರೆ. ಕಳೆದ ಸಂಚಿಕೆಯಲ್ಲಿ ಅಕ್ಕನೊಬ್ಬರು ಹೀಗೆ ಬರೆದಿದ್ದರು. ಬಂದ ಉತ್ತರಗಳಲ್ಲಿ ಅತಿ ಚಿಕ್ಕದು ಮೊದಲಿಗೆ.

*

ಪತ್ರ ಬರೆದು, ಅದು ಅಚ್ಚಾಗಿ, ನಾವು ಓದಿ ಉತ್ತರ ಕೊಡುವವರೆಗೂ ಕಾಯುತ್ತೀರಾ? ಇವತ್ತೇ ಹೊರಡಿ. ಹೆಸರು ಕೆಟ್ಟರೆ ಆಮೇಲೆ ನೋಡಿಕೊಳ್ಳೋಣ.

*

ಮಾತು ಒರಟು, ಆದರೂ ತೆಗೆದುಹಾಕಲು ಮನಸ್ಸಾಗಲಿಲ್ಲ. (ಪತ್ರ ಕೈಸೇರಿದ ದಿನವೇ ನಾವು ಆ ಅಕ್ಕನೊಡನೆ ಮಾತಾಡಿದ್ದೇವೆ.) ಮುಂದಿನ ಪತ್ರವನ್ನು ಕತ್ತರಿಸಿಲ್ಲ.

*

‘ಸ್ವಲ್ಪ ದಿನ ನೋಡೋಣ’ ಎಂಬಲ್ಲಿಗೆ ಬಂದಾಗ ಕನ್ನಡಕ ತೆಗೆದಿಟ್ಟೆ. 31 ವರ್ಷದ ಹಿಂದೆ ನಮ್ಮ ಮನೆಯಲ್ಲಿ ಆ ಮಾತಾಡಿದವಳು ನಾನು. ತವರಿಗೆ ಬಂದ ನಮ್ಮಕ್ಕ ಮೂರು ದಿನವಾದರೂ ಬ್ಯಾಗಿನಿಂದ ಬಟ್ಟೆ ತೆಗೆದು ಬೀರುವಿಗಿಡಲಿಲ್ಲ. ಯಾರಾದರೂ ‘ಇಲ್ಲೇ ಇರು’ ಅನ್ನಲಿ ಅಂತ ಕಾಯುತ್ತಿದ್ದಳೇನೋ. ನನಗಾಗ ಗಂಡು ನೋಡುತ್ತಿದ್ದರು. ಅಕ್ಕ ಗಂಡನನ್ನು ಬಿಟ್ಟು ಬಂದಿದ್ದಾಳೆಂದು ಗೊತ್ತಾದರೆ ನನ್ನ ಸಂಬಂಧ ತಪ್ಪುತ್ತದೆಂಬ ಭಯ. ನಾಲ್ಕನೆಯ ದಿನ ಆ ಬ್ಯಾಗಿನ ಜಿಪ್ ನಾನೇ ಎಳೆದು ಕೊಟ್ಟೆ.

ಎರಡು ತಿಂಗಳಿಗೆ ಸುದ್ದಿ ಬಂತು. ‘ಮನಸ್ಸು ದುರ್ಬಲ’ ಅಂದರು ನೆಂಟರು. ಆರು ವರ್ಷ ಹೊಡೆತ ತಿಂದೂ ಮನೆ ನಡೆಸಿದವಳು ದುರ್ಬಲಳೇ? ಅವಳದು ಅಂತ ಒಂದು ಪೈಸೆ ಇರಲಿಲ್ಲ. ಗೆಳತಿಯರಿಗೆ ಕಾಗದ ಬರೆದರೂ ಗಂಡ ಓದಿದ ಮೇಲೇ ಅಂಚೆಗೆ. ಉಳಿದಿದ್ದ ಒಂದೇ ಬಾಗಿಲು ನಮ್ಮದು, ಅದನ್ನೂ ಹಾಕಿದೆವು. ನನ್ನ ಮದುವೆಯೇನೋ ಆಯಿತು. ಗಂಡನ ಮನೆಯವರು ಅಕ್ಕನ ವಿಷಯ ಇವತ್ತಿನವರೆಗೂ ಕೇಳಿಲ್ಲ!

ತಂಗಿಯನ್ನು ಕರೆತನ್ನಿ. ಬ್ಯಾಗನ್ನು ನೀವೇ ಬಿಚ್ಚಿ ಬಟ್ಟೆ ಜೋಡಿಸಿಡಿ.

*

ಬೇರೆಯದೇ ಪ್ರಶ್ನೆ ಎತ್ತಿದ ಪತ್ರವೂ ಒಂದಿದೆ.

*

ಆತ್ಮಹತ್ಯೆಯಿಂದ ಸಾಯುವವರಲ್ಲಿ ಗಂಡಸರೇ ಹೆಚ್ಚು. ನಮ್ಮ ಗೋಳು ಯಾವಾಗ ಅಚ್ಚಾಗುತ್ತದೆ?

*

ಲೆಕ್ಕ ಸರಿ. ಅನೇಕ ದೇಶಗಳಲ್ಲಿ ಪ್ರಯತ್ನಿಸುವವರಲ್ಲಿ ಹೆಂಗಸರು ಹೆಚ್ಚೆಂಬುದೂ ಸರಿ. ಗಂಡಸರ ಮಾತನ್ನು ಖಂಡಿತ ಇನ್ನೊಮ್ಮೆ ಆಡೋಣ. ಈಗ, ಹೆರಿಗೆ ವಾರ್ಡಿನ ನರ್ಸ್ ಒಬ್ಬರ ಪತ್ರ.

*

ಕರೆತಂದ ಮಾತ್ರಕ್ಕೆ ಮುಗಿಯಲಿಲ್ಲ, ಡಾಕ್ಟರಿಗೆ ತೋರಿಸಿ. ಹೆರಿಗೆಯ ನಂತರದ ಖಿನ್ನತೆ ಮೊದಲ ಕೆಲವು ವಾರಗಳಲ್ಲೇ ಬರಬೇಕೆಂದಿಲ್ಲ. ಅದನ್ನು ಗುರುತಿಸಲು 1987ರಲ್ಲಿ ಪ್ರಕಟವಾದ ಎಡಿನ್‌ಬರೋ ಪ್ರಶ್ನಾವಳಿಯಲ್ಲಿರುವುದು ಹತ್ತೇ ಪ್ರಶ್ನೆ. ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬುದು ಕೊನೆಯದು. ಹೊಸ ಹುಡುಗಿಯರು ಒಂಬತ್ತನ್ನು ಪಟಪಟ ಕೇಳಿ, ಹತ್ತನೆಯದಕ್ಕೆ ಬಂದಾಗ ಪೆನ್ನಿನ ಕ್ಯಾಪ್ ಹಾಕಿಬಿಡುತ್ತಾರೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ‘ಸಾಯಬೇಕು ಅನ್ನಿಸುತ್ತಿದೆಯಾ?’ ಅಂತ ನೇರವಾಗಿ ಕೇಳಿ. ‘ಹೂಂ’ ಅಂದರೆ ಬೈಯಬೇಡಿ, ಮಗುವಿನ ಮೇಲೆ ಆಣೆ ಹಾಕಿಸಬೇಡಿ. ಒಬ್ಬಳನ್ನೇ ಬಿಡಬೇಡಿ, ಅಪಾಯದ ವಸ್ತುಗಳನ್ನು ಮನೆಯಿಂದಲೇ ದೂರ ಸಾಗಿಸಿ. ಎದೆಹಾಲು ಕೊಡುತ್ತಲೇ ತೆಗೆದುಕೊಳ್ಳಬಹುದಾದ ಔಷಧಗಳಿವೆ.

ಪೊಲೀಸ್ ಕೇಸಾಗುತ್ತದೆಂದು ಆಸ್ಪತ್ರೆಗೆ ತಡವಾಗಿ ತಂದವರನ್ನು ನೋಡಿದ್ದೇನೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಬೇರೆ ರೀತಿ ಸಾಬೀತಾಗದ ಹೊರತು, ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸಬೇಕು, ಶಿಕ್ಷಿಸುವಂತಿಲ್ಲ.

*

ಟೆಲಿ ಮಾನಸ್ ಸಹಾಯವಾಣಿ 14416, ಹಗಲೂ ರಾತ್ರಿ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಕೊನೆಯ ಪತ್ರ ಒಬ್ಬ ಅತ್ತೆಯದು. ಆ ಅಕ್ಕನ ಅಪ್ಪ ಅಮ್ಮ ಓದಿದರೆ ಒಳ್ಳೆಯದು.

*

ನನ್ನ ಸೊಸೆಯ ಅಕ್ಕ ಹೀಗೇ ಒಂದು ದಿನ ಬಂದಿದ್ದಳು. ಜಗಳವಾಡಲಿಲ್ಲ, ಕೂಸಿನ ಬಟ್ಟೆ ಎಲ್ಲಿದೆ ಅಂತ ಕೇಳಿದಳು ಅಷ್ಟೆ. ನಾನು ಬಾಗಿಲಿಗೆ ಬಂದು ಕೂಗಾಡಿದೆ, ಬೀದಿಯವರಿಗೆಲ್ಲ ಕೇಳಿಸಿತು. ಮೂರು ತಿಂಗಳು ಬಿಟ್ಟು ಸೊಸೆ ತಾನಾಗಿ ವಾಪಸ್ ಬಂದಳು, ಕೆಲವು ಕರಾರು ಹಾಕಿಯೇ. ಈಗ ರಾತ್ರಿ ಕೂಸು ಅತ್ತರೆ ಮಗ ಏಳುತ್ತಾನೆ. ಅವನಿಗೆ ಎಚ್ಚರವಾಗದಿದ್ದರೆ ನಾನು.