ಮಳೆ ರಜೆ, ಮೊಬೈಲು ಮತ್ತು ಒಂಬತ್ತು ವರ್ಷದ ಮಗನ ಓದು

ಪ್ರಶ್ನೆ – ಹೊಸನಗರದ ತಾಯಿ

ನಮ್ಮ ಮನೆ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಮಗನಿಗೆ ಒಂಬತ್ತು ವರ್ಷ; ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ನಾಲ್ಕನೆಯ ತರಗತಿಯಲ್ಲಿದ್ದಾನೆ. ಈ ವರ್ಷ ಮೇಲಿಂದ ಮೇಲೆ ಮಳೆ ರಜೆ ಘೋಷಣೆಯಾದಾಗ ಬೆಳಗಿನಿಂದ ಸಂಜೆಯವರೆಗೂ ಅವನ ಕೈಯಲ್ಲಿ ಮೊಬೈಲೇ ಇತ್ತು. ಮಳೆ ಹೊಳವಾದಾಗಲೆಲ್ಲ ಅಡಿಕೆಗೆ ಔಷಧಿ ಹೊಡೆಸಲು ನಾವಿಬ್ಬರೂ ತೋಟಕ್ಕೆ ಓಡಬೇಕಾಗಿದ್ದರಿಂದ, ಅವನು ಸುಮ್ಮನೆ ಕೂರಲಿ ಎಂದು ಮೊಬೈಲ್ ಕೊಟ್ಟವಳು ನಾನೇ.

ಶಿವಮೊಗ್ಗಕ್ಕೆ ಹೋದಾಗ ಆರು ಕಥೆ ಪುಸ್ತಕಗಳನ್ನು ಆರಿಸಿ ತಂದೆ. ಅವನು ಚಿತ್ರಗಳನ್ನು ನೋಡಿ ಪಕ್ಕಕ್ಕಿಟ್ಟ. ಓದಲು ಕೂರಿಸಿದರೆ ಒತ್ತಕ್ಷರ ಬಂದಲ್ಲೆಲ್ಲ ತಡವರಿಸುತ್ತಾನೆ; ‘ಆಶ್ಚರ್ಯ’ ಎಂಬ ಒಂದು ಪದವನ್ನು ಬಿಡಿಸಿ ಓದುವಷ್ಟರಲ್ಲಿ ಅವನಿಗೆ ಸಾಕಾಗಿಹೋಗುತ್ತದೆ. ಕೊನೆಗೆ, ದಿನಕ್ಕೆ ಎರಡು ಪುಟ ಓದಿದರೆ ಅರ್ಧ ಗಂಟೆ ಮೊಬೈಲ್ ಎಂಬ ಕರಾರು ಮಾಡಿದೆ. ಎರಡು ಪುಟ ಓದುತ್ತಾನೆ, ಆದರೆ ಮನಸ್ಸೆಲ್ಲ ಗಡಿಯಾರದ ಮೇಲೆ. ಅವನ ವಯಸ್ಸಿನಲ್ಲಿ ನಾನು ಅಟ್ಟ ಹತ್ತಿ ಕುಳಿತು, ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದವಳು. ಅವನಿಗೂ ಆ ಸಂತೋಷ ಸಿಗಬೇಕೆಂಬ ಆಸೆ. ನಾನು ಎಲ್ಲಿ ತಪ್ಪುತ್ತಿದ್ದೇನೆ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ – ತೀರ್ಥಹಳ್ಳಿಯ ನಿವೃತ್ತ ಶಿಕ್ಷಕಿ

ತಂಗಿ, ಮೊದಲು ಆ ಕರಾರನ್ನು ಬಿಟ್ಟುಬಿಡಿ. ಎರಡು ಪುಟ ಓದುವುದು ಕೆಲಸ, ಮೊಬೈಲು ಅದಕ್ಕೆ ಸಿಗುವ ಕೂಲಿ ಎಂದು ನೀವೇ ಅವನಿಗೆ ಕಲಿಸಿದಂತಾಗಿದೆ. ಕೂಲಿಗಾಗಿ ಮಾಡುವ ಕೆಲಸವನ್ನು ಯಾವ ಮಗುವೂ ಆಟವೆಂದು ಭಾವಿಸುವುದಿಲ್ಲ.

ಎರಡನೆಯ ಮಾತು ಒತ್ತಕ್ಷರದ್ದು. ಅಕ್ಷರ ಅಕ್ಷರವನ್ನೂ ಬಿಡಿಸಿಕೊಂಡು ಓದುವ ಮಗು ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಅದರ ಮೊದಲನ್ನು ಮರೆತಿರುತ್ತದೆ. ಕಥೆಯ ರುಚಿ ಅದರ ನಾಲಗೆಗೆ ತಾಗುವುದೇ ಇಲ್ಲ. ಅದೇ ಮಗು ಕೇಳಿಸಿಕೊಳ್ಳುವಾಗ ತಾನು ಓದಬಲ್ಲದ್ದಕ್ಕಿಂತ ಎಷ್ಟೋ ಕಠಿಣವಾದ ಕಥೆಯನ್ನೂ ಹಿಡಿದುಕೊಳ್ಳುತ್ತದೆ. ಆದ್ದರಿಂದ ಕೆಲವು ದಿನ ಅವನಿಂದ ಓದಿಸಬೇಡಿ, ಅವನಿಗಾಗಿ ನೀವು ಓದಿ. ಮಗು ಅಕ್ಷರ ಕಲಿತೊಡನೆ ನಾವು ಓದಿ ಹೇಳುವುದನ್ನು ನಿಲ್ಲಿಸಿಬಿಡುತ್ತೇವೆ. ಮೂವತ್ತು ವರ್ಷಗಳಿಗೂ ಮೀರಿದ ನನ್ನ ಶಾಲೆಯ ಅನುಭವದಲ್ಲಿ ನನಗೆ ಅತ್ಯಂತ ದುಬಾರಿಯಾಗಿ ಕಂಡ ತಪ್ಪು ಇದೇ.

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಿಂದ ಆರಂಭಿಸಬಹುದು. ಮೂಲದಲ್ಲಿ ಅದು ಇಂಗ್ಲಿಷ್ ಕವಿ ಬ್ರೌನಿಂಗ್ ಬರೆದ, ಜರ್ಮನಿಯ ಒಂದು ಊರಿನ ಕಥೆ. ಕುಪ್ಪಳಿಯಲ್ಲಿ ಬೆಳೆದ ಕವಿ ಅದನ್ನು ನಮ್ಮ ತುಂಗೆಯ ದಂಡೆಗೆ ತಂದಿದ್ದಾರೆ. ನಮ್ಮ ಕಡೆಯ ಮಗು ತಾನು ಸೇತುವೆಯ ಮೇಲಿಂದ ನೋಡಿದ ಹೊಳೆಯ ಹೆಸರನ್ನು ಪದ್ಯದಲ್ಲಿ ಕೇಳಿದೊಡನೆ ತಲೆ ಎತ್ತುತ್ತದೆ. ಇಲಿಗಳ ಸಾಲು ಬರುವ ಭಾಗವನ್ನು ಲಯ ಬಿಡದೆ, ತುಸು ವೇಗವಾಗಿ ಓದಿ. ಅರ್ಥ ಬಿಡಿಸಿ ಹೇಳಲು ನಿಲ್ಲಬೇಡಿ.

ಒಂದು ಮಧ್ಯಾಹ್ನವನ್ನು ನಾನು ಮರೆಯಲಾರೆ. ಹಂಚಿನ ಮೇಲೆ ಮಳೆಯ ಸದ್ದು ಎಷ್ಟಿತ್ತೆಂದರೆ ಹಿಂದಿನ ಸಾಲಿಗೆ ನನ್ನ ಮಾತು ಕೇಳುತ್ತಿರಲಿಲ್ಲ. ಪಾಠ ಬಿಟ್ಟು ಮಕ್ಕಳನ್ನೆಲ್ಲ ನನ್ನ ಸುತ್ತ ಒತ್ತಿ ಕೂರಿಸಿಕೊಂಡು ಕಥೆ ಓದತೊಡಗಿದೆ. ಓದುವುದರಲ್ಲಿ ತರಗತಿಗೇ ಹಿಂದೆ ಇದ್ದ ಒಬ್ಬ ಹುಡುಗಿ ನನ್ನ ಮೊಣಕೈಗೆ ಆತುಕೊಂಡು, ನನ್ನ ಧ್ವನಿಯ ಜೊತೆಗೇ ಸಾಲುಗಳ ಕೆಳಗೆ ಬೆರಳಾಡಿಸುತ್ತಿದ್ದಳು. ನಾನು ಪುಟ ಮಗುಚಲು ತಡಮಾಡಿದಾಗ ಅವಳೇ ಮಗುಚಿದಳು. ಗಂಟೆ ಬಾರಿಸಿತು, ಕಥೆ ಅರ್ಧಕ್ಕೆ ನಿಂತಿತು. ಮರುದಿನ ಪ್ರಾರ್ಥನೆಗೆ ಮೊದಲೇ ಅವಳು ಆ ಪುಸ್ತಕ ಹಿಡಿದುಕೊಂಡು ಮೂಲೆಯಲ್ಲಿ ಕುಳಿತಿದ್ದಳು. ನೀವೂ ಹಾಗೆಯೇ ಕಥೆಯನ್ನು ರೋಚಕವಾದ ಕಡೆ ನಿಲ್ಲಿಸಿ, ಪುಸ್ತಕವನ್ನು ಅವನ ಹಾಸಿಗೆಯ ಪಕ್ಕದಲ್ಲಿಟ್ಟು ಅಡುಗೆಮನೆಗೆ ಹೋಗಿ. ಕಥೆ ಮುಗಿದ ಮೇಲೆ ‘ಇದರ ನೀತಿ ಏನು’ ಎಂದು ಮಾತ್ರ ಕೇಳಬೇಡಿ. ಪ್ರಶ್ನೆ ಕೇಳಲು ಶಾಲೆಯಿದೆ.

ಉತ್ತರ – ಸಾಗರ ತಾಲ್ಲೂಕಿನ ಗ್ರಂಥಾಲಯ ಮೇಲ್ವಿಚಾರಕ

ಮೇಡಂ ಹೇಳಿದ್ದಕ್ಕೆ ನನ್ನದೊಂದು ಮಾತನ್ನು ಸೇರಿಸುತ್ತೇನೆ. ಆ ಆರು ಪುಸ್ತಕಗಳನ್ನು ಆರಿಸಿದ್ದು ನೀವು, ನಿಮ್ಮ ಮಗನಲ್ಲ. ಕೊಂಡ ಪುಸ್ತಕ ಹಿಡಿಸದಿದ್ದರೆ ದುಡ್ಡು ದಂಡವಾಯಿತೆಂಬ ಸಂಕಟ; ಗ್ರಂಥಾಲಯದ ಪುಸ್ತಕವಾದರೆ ಮರುದಿನವೇ ತಂದಿಟ್ಟು ಬೇರೊಂದನ್ನು ಒಯ್ಯಬಹುದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಯ ಅಧೀನಕ್ಕೆ ಬಂದವು. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾದ ಮೇಲೆ 6ರಿಂದ 18 ವರ್ಷದೊಳಗಿನ ಮಕ್ಕಳಿಗೆ ಸದಸ್ಯತ್ವ ಉಚಿತವಾಗಿದೆ. ಇದನ್ನು ತಿಳಿಯದ ಪೋಷಕರು ಇನ್ನೂ ಬಹಳ ಮಂದಿ ಇದ್ದಾರೆಂಬುದು ನನ್ನ ಕೊರಗು.

ಎಲ್ಲ ಮಕ್ಕಳಿಗೂ ಕಥೆಯೇ ಬೇಕೆಂದಿಲ್ಲ ಎಂಬುದನ್ನೂ ಗಮನಿಸಿ. ನಮ್ಮಲ್ಲಿಗೆ ಬರುವ ಒಬ್ಬ ಹುಡುಗ ಕಥೆ ಪುಸ್ತಕಗಳನ್ನು ಮುಟ್ಟುತ್ತಿರಲಿಲ್ಲ. ಅವರ ತೋಟದಲ್ಲಿ ಕಾಳಿಂಗ ಸರ್ಪ ಕಾಣಿಸಿಕೊಂಡ ವಾರ ಬಂದು, ಹಾವಿನ ಪುಸ್ತಕ ಇದೆಯೇ ಎಂದು ಕೇಳಿದ. ಕಾಳಿಂಗ ಸರ್ಪವು ದರಕನ್ನು, ಅಂದರೆ ಉದುರಿದ ಒಣ ಎಲೆಗಳನ್ನು, ಒಟ್ಟುಮಾಡಿ ಗೂಡು ಕಟ್ಟಿ ಅದರಲ್ಲಿ ಮೊಟ್ಟೆ ಇಡುತ್ತದೆ ಎಂಬುದನ್ನು ಓದಿದ ಅವನು ಎರಡು ದಿನ ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಿದ್ದ. ಅವರ ಅಜ್ಜ ಅಂಥದೊಂದು ಗೂಡನ್ನು ಬಿದಿರ ಮೆಳೆಯ ಬುಡದಲ್ಲಿ ಕಂಡಿದ್ದರಂತೆ. ಮನೆಯಲ್ಲಿ ಆ ಮಾತುಕತೆ ನಡೆದ ಮೇಲೆ ಆನೆ, ಜೇಡ, ಹಾರುವ ಓತಿ ಎಂದು ಒಂದೊಂದನ್ನೇ ಹುಡುಕಿಕೊಂಡು ಬಂದ. ನಿಮ್ಮ ಮಗ ಮೊಬೈಲಿನಲ್ಲಿ ಏನನ್ನು ನೋಡುತ್ತಾನೆಂದು ಗಮನಿಸಿದರೆ ಅವನಿಗೆ ಯಾವ ಪುಸ್ತಕ ಬೇಕೆಂಬುದು ತಿಳಿಯುತ್ತದೆ.

ಪುಸ್ತಕಗಳನ್ನು ಗೋಡೆಗೆ ತಾಗಿಸಿ ಇಡಬೇಡಿ. ಮಳೆಗಾಲದಲ್ಲಿ ಬೂಷ್ಟು ಹಿಡಿದ ವಾಸನೆಗೇ ಮಕ್ಕಳು ಪುಸ್ತಕವನ್ನು ದೂರ ತಳ್ಳುತ್ತಾರೆ.

ಉತ್ತರ – ಶಿವಮೊಗ್ಗದ ಒಬ್ಬ ತಂದೆ

ಮೊಬೈಲನ್ನೇ ಶತ್ರುವೆಂದು ಕಾಣುವುದು ನನಗೆ ಸರಿಯೆನಿಸುವುದಿಲ್ಲ. ನಾನೂ ಒಮ್ಮೆ ಅದನ್ನು ಕಸಿದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಮಗಳು ಎರಡು ದಿನ ಮಾತು ಬಿಟ್ಟಳೇ ಹೊರತು ಪುಸ್ತಕ ಹಿಡಿಯಲಿಲ್ಲ. ಒಂದು ವಿಡಿಯೊ ಮುಗಿದೊಡನೆ ಮುಂದಿನದು ತಾನಾಗಿ ಶುರುವಾಗುವುದೇ ನಿಜವಾದ ತೊಡಕು. ಸೆಟ್ಟಿಂಗ್ಸ್‌ನಲ್ಲಿ ಆ ಆಟೊಪ್ಲೇ ಆಫ್ ಮಾಡಿದರೆ, ಸಾಕೆಂದು ಏಳುವ ಒಂದು ಘಳಿಗೆಯಾದರೂ ಮಗುವಿಗೆ ಸಿಗುತ್ತದೆ.

ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಸಚಿತ್ರ ಕಥೆಗಳು ಉಚಿತವಾಗಿ ಸಿಗುತ್ತವೆ, ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿಯೂ ಇಟ್ಟಿದ್ದಾರೆ. ಮಗ ನಾಲ್ಕನೆಯ ತರಗತಿಯೆಂದು ಸಂಕೋಚಪಡದೆ ಮೊದಲ ಮಟ್ಟದಿಂದಲೇ ಓದಲು ಬಿಡಿ. ನಿಮ್ಮ ಕಡೆ ನೆಟ್‌ವರ್ಕ್ ನಂಬುವಂತಿಲ್ಲವಾದ್ದರಿಂದ ಪೇಟೆಗೆ ಬಂದಾಗ ಹತ್ತಿಪ್ಪತ್ತು ಕಥೆಗಳನ್ನು ಇಳಿಸಿಟ್ಟುಕೊಳ್ಳಬಹುದು. ಇನ್ನೊಂದು ವಿಷಯ: ರಾತ್ರಿ ಊಟವಾದ ಮೇಲೆ ನಾನು ಮೊಬೈಲ್ ಕೆಳಗಿಟ್ಟು ಪತ್ರಿಕೆ ಹಿಡಿದ ದಿನಗಳಲ್ಲಿ ಮಾತ್ರ ಮಗಳೂ ಏನನ್ನಾದರೂ ಹಿಡಿದು ಪಕ್ಕದಲ್ಲಿ ಕೂರುತ್ತಾಳೆ.

ಮರುಮಾತು – ಹೊಸನಗರದ ತಾಯಿ (ಮೂರು ವಾರಗಳ ನಂತರ)

ಎಲ್ಲರಿಗೂ ವಂದನೆಗಳು. ಕರಾರನ್ನು ಕೈಬಿಟ್ಟ ಮೊದಲ ವಾರ ಅವನು ಪುಸ್ತಕದ ಕಡೆ ತಿರುಗಿಯೂ ನೋಡಲಿಲ್ಲ, ನನಗೆ ಅಳುವೇ ಬಂದಿತ್ತು. ಆದರೂ ಟೀಚರಮ್ಮ ಹೇಳಿದಂತೆ ದಿನವೂ ರಾತ್ರಿ ಕಿಂದರಿಜೋಗಿಯನ್ನು ಸ್ವಲ್ಪ ಸ್ವಲ್ಪವಾಗಿ ಓದಿದೆ. ಅತ್ತೆಯವರೂ ಒಲೆಯ ಮುಂದಿನಿಂದ ಎದ್ದು ಬಂದು ಕೇಳತೊಡಗಿದರು. ಮೊಬೈಲು ಈಗಲೂ ಇದೆ, ಹೊತ್ತು ಮಾತ್ರ ಕಡಿಮೆಯಾಗಿದೆ.

ಮೊನ್ನೆ ಓದುತ್ತಿರುವಾಗಲೇ ಕರೆಂಟು ಹೋಯಿತು. ನಾನು ಪುಸ್ತಕ ಮಡಿಸಿಟ್ಟು ದೀಪ ಹುಡುಕುತ್ತಿದ್ದಾಗ ಅವನು ಟಾರ್ಚು ತಂದು, ಬಿಟ್ಟ ಸಾಲನ್ನು ಹುಡುಕಿ, ಅಜ್ಜಿಗೆ ತಾನೇ ಓದತೊಡಗಿದ. ಒಂದು ಒತ್ತಕ್ಷರದಲ್ಲಿ ನಿಂತ. ಕತ್ತಲಲ್ಲೇ ನಾನು ಆ ಪದ ಹೇಳಿದೆ, ಅವನು ಮುಂದಕ್ಕೆ ಓದಿದ. ಶನಿವಾರ ಅವನನ್ನು ಪಂಚಾಯಿತಿ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಜೆಸಿಬಿ ಹೇಗೆ ಕೆಲಸ ಮಾಡುತ್ತದೆಂದು ತಿಳಿಸುವ ಪುಸ್ತಕ ಅಲ್ಲಿ ಇರುತ್ತದೆಯೇ ಎಂದು ಕೇಳುತ್ತಿದ್ದಾನೆ.