ಎದುರು ಮನೆಗೆ ಮೆಕ್ಸಿಕನ್ ಕುಟುಂಬ ಬಂದಿದೆ, ಅವ್ರಿಗೆ ಇಲ್ಲಿ ತಮ್ಮವ್ರು ಸಿಗೋ ಹಾಗೆ ನಾವೇನು ಮಾಡ್ಬಹುದು? (ರೋಜರ್ಸ್, ಅರ್ಕನ್ಸಾ)

ತುಮಕೂರು_ತಂಗಿ

ಎಲ್ರಿಗೂ ನಮಸ್ಕಾರ. ನಾವಿರೋದು ಅರ್ಕನ್ಸಾದ ರೋಜರ್ಸ್‌ನಲ್ಲಿ, ನಮ್ಮೆಜಮಾನ್ರಿಗೆ ಪಕ್ಕದ ಬೆಂಟನ್‌ವಿಲ್‌ನಲ್ಲಿ ಐಟಿ ಕೆಲಸ, ವಾಲ್‌ಮಾರ್ಟ್ ಹೆಡ್ ಆಫೀಸ್ ಇರೋ ಊರು ಅಂದ್ರೆ ಗೊತ್ತಾಗುತ್ತೆ. 2017ರಲ್ಲಿ ಬಂದ್ವಿ.

ಎರಡು ತಿಂಗಳ ಹಿಂದೆ ಎದುರು ಮನೆಗೆ ಮೆಕ್ಸಿಕನ್ ಕುಟುಂಬ ಬಾಡಿಗೆಗೆ ಬಂತು. ಗಂಡ ಹೆಂಡತಿ, ಮೂರು ಮಕ್ಕಳು, ಒಬ್ರು ಅಜ್ಜಿ. ಕ್ಯಾಲಿಫೋರ್ನಿಯಾದ ಸಲಿನಾಸ್ ಕಡೆ ಹದಿನಾರು ವರ್ಷ ಲೆಟ್ಯೂಸ್, ಸ್ಟ್ರಾಬೆರಿ ಹೊಲದಲ್ಲಿ ದುಡಿದವ್ರಂತೆ, ಅಲ್ಲಿ ಎರಡು ರೂಮಿಗೆ ಕಟ್ತಿದ್ದ ಬಾಡಿಗೆಗೆ ಇಲ್ಲಿ ಅಂಗಳ ಇರೋ ಮನೆ ಸಿಗುತ್ತೆ ಅಂತ ಯಾರೋ ಹೇಳಿದ್ರಂತೆ, ಸಾಮಾನು ಕಟ್ಕೊಂಡು ಮೂರು ದಿನ ಗಾಡಿ ಓಡಿಸ್ಕೊಂಡು ಬಂದ್ಬಿಟ್ಟಿದಾರೆ. ಅವ್ರೀಗ ಪಕ್ಕದ ಊರು ಸ್ಪ್ರಿಂಗ್‌ಡೇಲ್‌ನ ಒಂದು ಕೋಳಿ ಪ್ಲಾಂಟಲ್ಲಿ, ಅಂದ್ರೆ ಕೋಳಿ ಕತ್ತರಿಸಿ ಪ್ಯಾಕ್ ಮಾಡೋ ಕಾರ್ಖಾನೇಲಿ, ರಾತ್ರಿ ಪಾಳಿ. ಇದೆಲ್ಲ ಹೇಳಿದ್ದು ದೊಡ್ಡ ಮಗಳು, 14 ವರ್ಷ, ಮನೇಲಿ ಇಂಗ್ಲಿಷ್ ಸರಾಗವಾಗಿ ಬರೋದು ಅವ್ಳಿಗೆ ಮಾತ್ರ.

ನಂಗೆ ಕಣ್ಣಿಗೆ ಬೀಳೋದು ಆ ತಾಯಿ. ದಿನಾ ಸಂಜೆ ಮೆಟ್ಟಿಲ ಮೇಲೆ ಕೂತು ಫೋನಲ್ಲಿ ಯಾರದೋ ಮುಖ ನೋಡ್ತಾ ಮಾತಾಡ್ತಿರ್ತಾರೆ, ಫೋನ್ ಇಟ್ಟ ಮೇಲೂ ಅಲ್ಲೇ ಕೂತಿರ್ತಾರೆ. ನಾನು ಬಂದ ಹೊಸದ್ರಲ್ಲಿ ಹೀಗೇ ಕಿಟಕಿ ಹತ್ರ ಕೂತಿರ್ತಿದ್ದೆ. ಆದ್ರೆ ನಂಗೆ ಎಂಟೇ ದಿನದಲ್ಲಿ ಕನ್ನಡದವ್ರೊಬ್ರು ಫೋನ್ ಮಾಡಿ "ಊಟ ಆಯ್ತೇನಮ್ಮ" ಅಂದ್ರು, ಆಮೇಲೆ ಯುಗಾದಿಗೆ ಕರೆದ್ರು, ದಾರಿ ಆಯ್ತು. ಇವ್ರಿಗೆ ಆ ಫೋನ್ ಮಾಡೋರು ಯಾರು? ಸ್ಪ್ಯಾನಿಶ್ ಮಾತಾಡೋರು ಈ ಊರಲ್ಲಿ ಬೇಕಾದಷ್ಟು ಜನ ಇದಾರೆ, ಆದ್ರೂ ಇವ್ರು ಒಂಟಿ. ಎಲ್ಲಿಗೆ ಕರ್ಕೊಂಡು ಹೋಗ್ಲಿ, ಏನು ಹೇಳ್ಲಿ, ದೊಡ್ಡಸ್ತಿಕೆ ಅನ್ನಿಸ್ದೇ ಇರೋ ಹಾಗೆ? ಅನುಭವ ಇರೋರು ದಯವಿಟ್ಟು ಹೇಳಿ.

ಓಝಾರ್ಕ್_ಮಾವ

ತಂಗೀ, ಒಳ್ಳೇ ಪ್ರಶ್ನೆ ಕೇಳಿದೀಯಮ್ಮ. ನಾನು ಸ್ಪ್ರಿಂಗ್‌ಡೇಲ್‌ನಲ್ಲಿ 2003ರಿಂದ ಇದೀನಿ, ಕಣ್ಣೆದುರೇ ಈ ಊರು ಬದಲಾಗಿದ್ದು ನೋಡಿದೀನಿ.

ಮೊದ್ಲು ಸ್ವಲ್ಪ ಹಿನ್ನೆಲೆ ಹೇಳ್ತೀನಿ, ಯಾಕಂದ್ರೆ ಅದು ಗೊತ್ತಿದ್ರೆ ಅವ್ರನ್ನ ಎಲ್ಲಿ ಹುಡುಕ್ಬೇಕು ಅಂತ ಗೊತ್ತಾಗುತ್ತೆ. 1990ರ ಸೆನ್ಸಸ್ ಹೊತ್ತಿಗೆ ರೋಜರ್ಸ್‌ನಲ್ಲಿ ನೂರಕ್ಕೆ ಇಬ್ಬರು ಹಿಸ್ಪಾನಿಕ್ ಜನ, ಅಂದ್ರೆ ಸ್ಪ್ಯಾನಿಶ್ ಮಾತಾಡೋ ನಾಡುಗಳ ಮೂಲದವ್ರು, ಇದ್ರೆ ಹೆಚ್ಚು. 2000ಕ್ಕೆ ನೂರಕ್ಕೆ 19. ಹತ್ತೇ ವರ್ಷ! ಯಾಕೆ ಅಂದ್ರೆ 1986ರಲ್ಲಿ ಅಧ್ಯಕ್ಷ ರೇಗನ್ ಕಾಲದ ಕಾನೂನು ಬಂದು ಸುಮಾರು 27 ಲಕ್ಷ ಜನಕ್ಕೆ ಈ ದೇಶದಲ್ಲಿ ಕಾನೂನು ಪ್ರಕಾರ ಇರೋಕೆ ಕಾಗದ ಸಿಕ್ತು, ಕಾಗದ ಕೈಗೆ ಬಂದ ಮೇಲೆ ಕ್ಯಾಲಿಫೋರ್ನಿಯಾ ಹೊಲದಲ್ಲೇ ಇರ್ಬೇಕು ಅಂತ ಏನಿಲ್ಲ ಅಲ್ವಾ, ಇಲ್ಲಿ ಟೈಸನ್ ಥರದ ಕೋಳಿ ಕಂಪನಿಗಳಿಗೆ ವರ್ಷ ಪೂರ್ತಿ ಆಳು ಬೇಕು, ಮನೆ ಅಗ್ಗ, ಒಬ್ಬ ಬಂದು ಅಣ್ಣನ್ನ ಕರೆದ, ಅಣ್ಣ ಭಾವನ್ನ ಕರೆದ. ನಮ್ಮೂರ ಕಡೆಯವ್ರು ಬೆಂಗಳೂರಲ್ಲಿ ಒಬ್ಬ ಹೋಟೆಲ್ ಸೇರಿ ಇಡೀ ಊರನ್ನೇ ಎಳ್ಕೊಂಡ ಹಾಗೆ. ಅಂದ್ರೆ ನಿನ್ನ ಎದುರು ಮನೆಯವ್ರು ಬಂದಿರೋದು ಮೂವತ್ತು ವರ್ಷದಿಂದ ತುಳಿದ ದಾರೀಲೇ. ಇವ್ರಿಗೆ ಆ ಜನದ ಒಳಗೆ ಇನ್ನೂ ಗುರುತಿಲ್ಲ, ಅಷ್ಟೇ.

ಭಾನುವಾರ ಮೊದಲ ಜಾಗ ಚರ್ಚು. ರೋಜರ್ಸ್‌ನ ಸೇಂಟ್ ವಿನ್ಸೆಂಟ್ ಡಿ ಪಾಲ್, ಇಲ್ಲಿ ಸ್ಪ್ರಿಂಗ್‌ಡೇಲ್‌ನ ಸೇಂಟ್ ರಾಫೆಲ್, ಎರಡರಲ್ಲೂ ಸ್ಪ್ಯಾನಿಶ್ ಪೂಜೆ ಇದೆ. ಆದ್ರೆ ಎಲ್ರೂ ಕ್ಯಾಥೊಲಿಕ್ ಅಂತ ಅಂದ್ಕೋಬೇಡ, ಸಣ್ಣ ಸಣ್ಣ ಪೆಂಟೆಕೋಸ್ಟಲ್ ಸಭೆಗಳೂ ಇವೆ. ಎರಡನೇದು ತಿಯೆಂದಾ, ಅಂದ್ರೆ ಅವ್ರ ಕಿರಾಣಿ ಅಂಗಡಿ. ಅದ್ರ ಬಾಗಿಲ ಹತ್ರ ಬೋರ್ಡಲ್ಲಿ ಚೀಟಿ ಅಂಟಿಸಿರ್ತಾರೆ, ಮಗು ನೋಡ್ಕೊಳ್ಳೋರು, ಟೈರ್ ರಿಪೇರಿ, ಭಾನುವಾರದ ಸಾಕರ್ ಟೀಮಿಗೆ ಆಟಗಾರ ಬೇಕು, ಎಲ್ಲ ಅಲ್ಲೇ. ಊರಿಗೆ ದುಡ್ಡು ಕಳಿಸೋ ಕೌಂಟರೂ ಅಲ್ಲೇ, ಹಾಗಾಗಿ ಶುಕ್ರವಾರ ಸಂಜೆ ಅರ್ಧ ಊರು ಅಲ್ಲಿರುತ್ತೆ. ಮಕ್ಕಳಿಗೆ ಜೋನ್ಸ್ ಸೆಂಟರ್, 1995ರಲ್ಲಿ ಶುರುವಾದದ್ದು, ಈಜುಕೊಳ, ಐಸ್ ಸ್ಕೇಟಿಂಗ್ ಎಲ್ಲ ಒಂದೇ ಕಡೆ. ಅಲ್ಲಿ ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳ ಮಕ್ಕಳೂ ತುಂಬಾ ಸಿಗ್ತಾರೆ, ಅವ್ರ ಅಪ್ಪ ಅಮ್ಮಂದಿರೂ ಇದೇ ಕೋಳಿ ಪ್ಲಾಂಟಿನವ್ರೇ. ಆ ತಾಯಿಗೆ ಇಂಗ್ಲಿಷ್ ಕಲಿಯೋ ಮನಸ್ಸಿದ್ರೆ ಫಯೆಟ್‌ವಿಲ್‌ನ ಓಝಾರ್ಕ್ ಲಿಟರಸಿ ಕೌನ್ಸಿಲ್, ಇಲ್ಲಾಂದ್ರೆ ಬೆಂಟನ್‌ವಿಲ್‌ನ ಕಮ್ಯುನಿಟಿ ಕಾಲೇಜು.

ಇನ್ನೊಂದು, ಇದನ್ನ ಮಾತ್ರ ಇವತ್ತೇ ಹೇಳು. ಟಾರ್ನೇಡೋ, ಅಂದ್ರೆ ಸುಂಟರಗಾಳಿ ಬರುತ್ತೆ ಅಂತ ಊರಿಗೆಲ್ಲ ಕೂಗೋ ಸೈರನ್. ಕ್ಯಾಲಿಫೋರ್ನಿಯಾದವ್ರಿಗೆ ಭೂಕಂಪ ಗೊತ್ತು, ಟಾರ್ನೇಡೋ ಗೊತ್ತಿರಲ್ಲ. 2024ರ ಮೇ 26ರ ಬೆಳಗಿನ ಜಾವ ಟಾರ್ನೇಡೋ ಹೊಡೆದು ರೋಜರ್ಸಿಗೆ ಏನಾಯ್ತು ಅಂತ ನೀನೇ ನೋಡಿದೀಯ. ಆ ಮನೇಲಿ ಕಿಟಕಿ ಇಲ್ದಿರೋ ಒಳಗಿನ ಜಾಗ ಯಾವ್ದು ಅಂತ ಅಜ್ಜಿಗೂ ತೋರ್ಸು.

ಬಾಗಲಕೋಟಿ_ರೊಟ್ಟಿ

ನಮಸ್ಕಾರ್ರಿ ಅಕ್ಕಾರ. ನಾವು ಜಾರ್ಜಿಯಾದ ಡಾಲ್ಟನ್‌ದಾಗ ಇರ್ತೀವ್ರಿ. ಇದು ಕಾರ್ಪೆಟ್ ಊರು, ಮಿಲ್ಲಿನಾಗ ದುಡಿಯಾವ್ರು ಭಾಳ ಮಂದಿ ಮೆಕ್ಸಿಕೊದವ್ರು. ನಮ್ಮ ಓಣ್ಯಾಗ ಐದು ಮನಿ ಅವ್ರದಾವ, ಹಂಗಾಗಿ ನನಗ ತಿಳಿದದ್ದು ಹೇಳ್ತೀನ್ರಿ.

ಅವ್ರ ಹೆಣ್ಣಮಕ್ಕಳು ತಾಂದಾ ಅಂತ ಮಾಡ್ತಾರ್ರಿ. ನಮ್ಮ ಲಂಬಾಣಿ ತಾಂಡಾ ಅಲ್ಲರಿ, ಇದು ನಮ್ಮ ಭಿಶಿ ಇದ್ದಂಗ, ನಿಮ್ಮ ಕಡೆ ಚೀಟಿ ಅಂತೀರಲ್ಲ ಅದು. ಹತ್ತು ಮಂದಿ, ವಾರಕ್ಕ ನೂರು ಡಾಲರ್ ಅಂತ ಹಿಡೀರಿ, ಪ್ರತಿ ವಾರ ಒಬ್ಬಾಕಿಗೆ ಸಾವಿರ. ಕಾಗದ ಇಲ್ಲ, ಸಹಿ ಇಲ್ಲ, ಬಡ್ಡಿ ಇಲ್ಲ. ಗಾಡಿಗೆ ಮುಂಗಡ ಕಟ್ಟೂದು, ಊರಾಗ ಅವ್ವನ ಆಪರೇಷನ್ನು, ಎಲ್ಲಾ ಅದರಾಗ ಆಗತಾವ. ಬ್ಯಾಂಕಿನ್ಯಾಗ ಅಷ್ಟು ಲಗೂ ಯಾರು ಕೊಡ್ತಾರ್ರಿ? ಆದರ ಒಳಗ ಸೇರಬೇಕಂದ್ರ ಇದ್ದವ್ರೊಬ್ರು "ಈಕಿ ನಮ್ಮಾಕಿ, ಈಕಿ ತಪ್ಪಿದ್ರ ನಾ ಕೊಡ್ತೀನಿ" ಅನ್ನಬೇಕು. ಹೊಸದಾಗಿ ಬಂದಾಕಿಗೆ ಹಂಗ ಅನ್ನಾವ್ರು ಯಾರೂ ಇರೂದಿಲ್ಲ. ನಿಮ್ಮ ಎದುರು ಮನಿ ಅಕ್ಕಗ ಸಲಿನಾಸದಾಗ ಅಂಥಾವ್ರು ಇದ್ದಿರ್ತಾರ, ಫೋನಿನ್ಯಾಗ ಕಾಣಸೂ ಮುಖ ಅವ್ರದ ಇರಬೇಕು.

ಇನ್ನೊಂದು ಕೊಮಾದ್ರೆ ಅಂತ. ಮಗುವಿನ ದೀಕ್ಷಾಸ್ನಾನಕ್ಕ ದೇವರ ಸಾಕ್ಷಿ ತಾಯಿಯಾಗಿ ಒಬ್ಬಾಕಿ ನಿಂತ್ರ, ಆಕಿ ಮತ್ತ ಮಗುವಿನ ಹೆತ್ತವ್ವ ಒಬ್ಬರಿಗೊಬ್ಬರು ಕೊಮಾದ್ರೆ ಆಗ್ತಾರ. ಬೀಗತನ ಇದ್ದಂಗರಿ, ಆದರ ಮದುವಿ ಇಲ್ದ. ಜೀವನಾ ಪೂರ್ತಿ ಇರೂ ಸಂಬಂಧ. ಊರು ಬಿಟ್ಟು ಬಂದ್ರ ಈ ನಂಟಸ್ತನ ಎಲ್ಲಾ ಅಲ್ಲೇ ಉಳೀತದ, ಅದ ಅವ್ರಿಗೆ ಭಾಳ ತ್ರಾಸ ಆಗೂದು.

ನಾನು ನಮ್ಮ ಬಾಜೂಕಿನಾಕಿ ಹತ್ರ ತೊರ್ತಿಯಾ, ಅಂದ್ರ ಅವ್ರ ಗೊಂಜಾಳದ ರೊಟ್ಟಿ, ತಟ್ಟೂದು ಕಲತೆ, ಆಕಿ ನನ್ನ ಹತ್ರ ಜ್ವಾಳದ ರೊಟ್ಟಿ. ಅವ್ರು ಗೊಂಜಾಳ ಸುಣ್ಣದ ನೀರಾಗ ಕುದಿಸಿ, ಸಿಪ್ಪಿ ತಗದು, ರುಬ್ಬಿ ಹಿಟ್ಟ ಮಾಡ್ತಾರ. ಹೆಂಚು ನೋಡಿದ್ರ ಥೇಟ್ ನಮ್ಮವ್ವನ ಹೆಂಚು.

ಕಾರ್ಕಳ_ನರ್ಸ್

ನಾನು ಫ್ಲೋರಿಡಾದ ಕಿಸಿಮ್ಮಿಯಲ್ಲಿ ನರ್ಸ್. ಎರಡು ಮೂರು ವಿಷಯ ಬೇಗ ಹೇಳಿ ಹೋಗ್ತೇನೆ, ಡ್ಯೂಟಿಗೆ ಹೊತ್ತಾಯ್ತು.

ಹಿಸ್ಪಾನಿಕ್ ಅಂದ್ರೆ ಎಲ್ಲ ಒಂದೇ ಅಲ್ಲ ಮಾರಾಯ್ರೆ. ನಮ್ಮಲ್ಲಿ ಜಾಸ್ತಿ ಪೋರ್ಟೊರಿಕೊ ದ್ವೀಪದವ್ರು, ಅವ್ರು 1917ರಿಂದ ಅಮೆರಿಕದ ಪ್ರಜೆಗಳೇ, 2017ರ ಸೆಪ್ಟೆಂಬರಲ್ಲಿ ಮರಿಯಾ ಚಂಡಮಾರುತ ಬಂದು ದ್ವೀಪದಲ್ಲಿ ಕರೆಂಟ್ ನೀರು ಏನೂ ಇಲ್ಲದೆ ಆದಾಗ ತುಂಬ ಕುಟುಂಬಗಳು ಸೀದಾ ಇಲ್ಲಿಗೆ ಬಂದ್ವು. ಅವ್ರಿಗೆ "ವೀಸಾ ಯಾವ್ದು" ಅಂತ ಕೇಳೋರನ್ನ ನೋಡಿದ್ದೇನೆ, ಅವ್ರಿಗೆ ಎಷ್ಟು ಬೇಜಾರಾಗ್ತದೆ. ಹಬ್ಬವೂ ಹಾಗೇ, ಮೆಕ್ಸಿಕೊದ ಸ್ವಾತಂತ್ರ್ಯ ದಿನ ಸೆಪ್ಟೆಂಬರ್ 16, ಗ್ವಾಟೆಮಾಲ, ಎಲ್ ಸಾಲ್ವಡಾರ್, ಹೊಂಡುರಾಸದವ್ರದ್ದು 15. ಮೇ 5ಕ್ಕೆ ಶುಭಾಶಯ ಹೇಳ್ಲಿಕ್ಕೆ ಹೋಗ್ಬೇಡಿ, ಅದು 1862ರ ಒಂದು ಯುದ್ಧದ ನೆನಪು, ಸ್ವಾತಂತ್ರ್ಯ ದಿನ ಅಲ್ಲ.

ಸಲಿನಾಸ್ ಅಂದ್ರಲ್ಲ, ಅಲ್ಲಿ ಹೊಲದ ಕೆಲಸದವ್ರಲ್ಲಿ ಮೆಕ್ಸಿಕೊದ ಒಹಾಕಾ ರಾಜ್ಯದ ಮಿಸ್ತೆಕೊ, ತ್ರಿಕಿ ಭಾಷೆಯವ್ರು ತುಂಬ ಇದ್ದಾರೆ. ಅವು ಸ್ಪ್ಯಾನಿಶಿಗೆ ಸಂಬಂಧವೇ ಇಲ್ಲದ ಭಾಷೆಗಳು. ಅಜ್ಜಿಗೆ ಸ್ಪ್ಯಾನಿಶೇ ಎರಡನೇ ಭಾಷೆ ಇರ್ಬಹುದು. ನಾನು ತುಳು ಮಾತಾಡಿ ಬೆಳೆದವಳು, ಎಲ್ರೂ ನಿಮ್ದು ಕನ್ನಡ ಅಲ್ವಾ ಅಂತ ಕೇಳುವಾಗ ಹೇಗಾಗ್ತದೆ ಅಂತ ನನಗೆ ಗೊತ್ತು.

ಮತ್ತೆ ಆ 14 ವರ್ಷದ ಹುಡುಗಿ. ಆಸ್ಪತ್ರೆಯಲ್ಲಿ ಅವಳ ಬಾಯಲ್ಲಿ ಅನುವಾದ ಮಾಡಿಸ್ಲಿಕ್ಕೆ ಬಿಡ್ಬೇಡಿ. ಒಬ್ಬ ಹುಡುಗ ಅವನಮ್ಮನಿಗೆ ಗಡ್ಡೆ ಇದೆ ಅಂತ ಅವನೇ ಹೇಳ್ಬೇಕಾಗಿ ಬಂದದ್ದು ನನ್ನ ಕಣ್ಣೆದುರು ಆಗಿದೆ, ಅವನ ಮುಖ ಇನ್ನೂ ಮರೆತಿಲ್ಲ. ಸರ್ಕಾರದ ದುಡ್ಡು ತಗೊಳ್ಳೋ ಆಸ್ಪತ್ರೆ ದುಭಾಷಿಯನ್ನ ಪುಕ್ಕಟೆ ಕೊಡ್ಲೇಬೇಕು. ಫೋನಲ್ಲಾದ್ರೂ ಸಿಗ್ತಾರೆ, ಕೇಳಿ ತಗೊಳ್ಬೇಕು. ಶಾಲೆಯದ್ದೂ ಅಷ್ಟೇ, 1982ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಕಾಗದ ಇರ್ಲಿ ಬಿಡ್ಲಿ ಮಕ್ಕಳಿಗೆ ಸರ್ಕಾರಿ ಶಾಲೆ ಬಾಗಿಲು ತೆರೆದಿರ್ಬೇಕು.

ಕೊನೇದು. ಕಾಗದದ ಬಗ್ಗೆ ನೀವಾಗಿ ಯಾವತ್ತೂ ಕೇಳ್ಬೇಡಿ, ಪ್ರೀತಿಯಿಂದ ಕೂಡ. ಒಂದೇ ಮನೆಯಲ್ಲಿ ಒಬ್ಬೊಬ್ಬರದ್ದು ಒಂದೊಂದು ಥರ ಇರ್ತದೆ, ಬಾಗಿಲು ಬಡಿದ್ರೇ ಹೆದರುವ ಕಾಲ ಇದು.

ಹಾಸನ್_ಹುಡ್ಗ_ಡಲ್ಲಾಸ್

ಅಕ್ಕ, ತಪ್ಪು ತಿಳ್ಕೋಬೇಡಿ, ನಂಗನ್ಸಿದ್ದು ಹೇಳ್ತೀನಿ. ಮೇಲೆ ಎಲ್ರೂ ಒಳ್ಳೇ ಮಾಹಿತಿ ಕೊಟ್ಟಿದಾರೆ, ಆದ್ರೆ ನೀವು ಲಿಸ್ಟ್ ಹಿಡ್ಕೊಂಡು ಹೋಗಿ ಇಲ್ಲಿ ಹೋಗಿ ಅಲ್ಲಿ ಹೋಗಿ ಅಂದ್ರೆ ಅವ್ರು ಥ್ಯಾಂಕ್ಯೂ ಅಂದು ಬಾಗಿಲು ಹಾಕ್ಕೋತಾರೆ. ಹದಿನಾರು ವರ್ಷ ಬೇರೆ ದೇಶದಲ್ಲಿ ಬದುಕಿ ಮೂರು ಮಕ್ಕಳನ್ನ ಸಾಕಿದವ್ರು, ಚರ್ಚು ಎಲ್ಲಿದೆ ಅಂತ ಅವ್ರಿಗೆ ಗೊತ್ತಾಗುತ್ತೆ. ನಮ್ಮಜ್ಜಿ ಹೊಸಬರು ಪಕ್ಕಕ್ಕೆ ಬಂದ್ರೆ ಏನೂ ಕೊಡ್ತಿರ್ಲಿಲ್ಲ, ಹೋಗಿ ಹೆಪ್ಪಿಗೆ ಒಂಚೂರು ಮಜ್ಜಿಗೆ ಕೇಳ್ತಿದ್ರು. ಕೇಳಿಸ್ಕೊಂಡೋರು ಇಸ್ಕೊಳ್ಳೋಕೆ ಸಂಕೋಚ ಪಡಲ್ಲ ಅಂತ. ನೀವೂ ಏನಾದ್ರೂ ಕೇಳಿ. ನಿಜವಾಗ್ಲೂ ಬೇಕಾಗಿರೋದನ್ನ.

ತುಮಕೂರು_ತಂಗಿ (ಮೂರು ವಾರ ಆದ್ಮೇಲೆ)

ಎಲ್ರಿಗೂ ತುಂಬಾ ಥ್ಯಾಂಕ್ಸ್. ಏನಾಯ್ತು ಅಂತ ಹೇಳ್ಲೇಬೇಕು.

ಓಝಾರ್ಕ್ ಮಾವ ಹೇಳಿದ ಸೈರನ್ ವಿಷ್ಯ ಅವತ್ತೇ ಹೇಳ್ದೆ, ಮೆಟ್ಟಿಲ ಕೆಳಗಿನ ಗೂಡು ತೋರ್ಸಿದೆ. ಹಾಸನದ ತಮ್ಮ, ನೀವು ಹೇಳಿದ್ದು ಓದಿ ಎರಡು ದಿನ ಸುಮ್ನಿದ್ದೆ. ಅವ್ರ ಅಂಗಳದಲ್ಲಿ ಪೇಂಟ್ ಬಕೆಟ್ಟಲ್ಲಿ ಮೆಣಸಿನ ಗಿಡ ಇದೆ, ಸಲಿನಾಸಿಂದ ಟ್ರಕ್ಕಲ್ಲಿ ಬಕೆಟ್ ಸಮೇತ ತಂದಿದ್ದಂತೆ, ನನ್ನವು ಈ ವರ್ಷ ಎಲ್ಲ ಮುರುಟಿ ಹೋಗಿದ್ವು. ಹೋಗಿ ಬೀಜಕ್ಕೆ ಎರಡು ಹಣ್ಣು ಮೆಣಸಿನಕಾಯಿ ಕೊಡ್ತೀರಾ ಅಂತ ಕೇಳ್ದೆ. ಸಂಜೆ ಅಜ್ಜಿ ತಾವೇ ರೋಡ್ ದಾಟ್ಕೊಂಡು ಒಂದು ಇಡೀ ಬಕೆಟ್ ಎತ್ಕೊಂಡು ಬಂದ್ರು! ಕಾರ್ಕಳದ ಅಕ್ಕ ಹೇಳಿದ್ದು ಸರಿ, ಅಜ್ಜಿ ಮಾತು ಮಿಸ್ತೆಕೊ, ಸ್ಪ್ಯಾನಿಶ್ ಅಷ್ಟಕ್ಕಷ್ಟೇ. ಇಬ್ರೂ ಅಡುಗೆಮನೇಲಿ ಒಂದು ಗಂಟೆ ಕೂತಿದ್ವಿ, ನಾನು ಕನ್ನಡ, ಅವ್ರು ಅವ್ರ ಭಾಷೆ. ಮೆಂತ್ಯದ ಡಬ್ಬ ಮೂಸಿ ನೋಡಿ ತಲೆ ಅಲ್ಲಾಡಿಸಿದ್ರು.

ಚರ್ಚಿಗೆ ಅವ್ರು ಮೊದಲ ವಾರವೇ ಹೋಗಿದ್ರಂತೆ. ಕೊನೇ ಬೆಂಚಲ್ಲಿ ಕೂತು ಬರ್ತಿದ್ರು, ಯಾರೂ ಮಾತಾಡ್ಸಿರ್ಲಿಲ್ಲ. ತಿಯೆಂದಾ ಬೋರ್ಡಿಂದ ಮಧ್ಯದ ಹುಡುಗ ಸಾಕರ್ ಟೀಮ್ ಸೇರಿದಾನೆ, ಅಲ್ಲಿ ಗೋಲ್‌ಕೀಪರ್ ಅಮ್ಮ ಒಹಾಕಾದವ್ರು ಅಂತ ಗೊತ್ತಾಗಿ ಈಗ ಪೂಜೆಗೆ ಜೊತೇಲಿ ಕೂರ್ತಾರೆ. ಡಿಸೆಂಬರ್ 12ಕ್ಕೆ ಗ್ವಾದಲೂಪೆ ತಾಯಿ, ಅಂದ್ರೆ ಮೆಕ್ಸಿಕೊದವ್ರ ಮೇರಿ ಮಾತೆ ಹಬ್ಬ, ಬೆಳಗಿನ ಜಾವ ಹಾಡೋಕೆ ಹೋಗೋರ ಜೊತೆ ಸೇರ್ಸಿದಾರೆ.

ಈಗ ಇನ್ನೊಂದು ಪ್ರಶ್ನೆ. ದೊಡ್ಡ ಮಗಳಿಗೆ ಮಾರ್ಚಲ್ಲಿ 15 ತುಂಬುತ್ತೆ, ಕಿನ್ಸೆನ್ಯೇರಾ, ಅಂದ್ರೆ ಹುಡುಗಿಗೆ 15 ತುಂಬಿದ ದೊಡ್ಡ ಸಂಭ್ರಮ, ಮಾಡ್ಬೇಕು. ಸಲಿನಾಸಲ್ಲಿದ್ದಿದ್ರೆ ಬಟ್ಟೆಗೊಬ್ರು, ಹೂವಿಗೊಬ್ರು, ಊಟಕ್ಕೊಬ್ರು, ಹಾಲ್‌ಗೊಬ್ರು ಅಂತ ಹಂಚ್ಕೊಳ್ಳೋರು ಇದ್ರಂತೆ. ಇಲ್ಲಿ ಯಾರಿದಾರೆ ಅಂತ ಆ ತಾಯಿ ಬೆರಳು ಮಡಚಿ ಎಣಿಸಿದ್ರು, ಮೂರಕ್ಕೆ ನಿಲ್ತು. ಆಮೇಲೆ ಮಗಳ ಕೈಲಿ ಕೇಳಿಸಿದ್ರು, ಕೇಕಿಗೆ ನೀವು ಮದ್ರಿನಾ, ಅಂದ್ರೆ ಅದನ್ನ ವಹಿಸ್ಕೊಳ್ಳೋ ಧರ್ಮತಾಯಿ, ಆಗ್ತೀರಾ ಅಂತ. ನನ್ ಕಣ್ಣು ತುಂಬ್ಕೊಂತು, ಹೂಂ ಅಂದ್ಬಿಟ್ಟೆ. ಆದ್ರೆ ನಾವು ಹಿಂದೂಗಳು, ಇದು ನಡಿಯುತ್ತಾ? ನಾನು ಏನೇನು ಮಾಡ್ಬೇಕು?

ಬಾಗಲಕೋಟಿ_ರೊಟ್ಟಿ

ನಡೀತದ್ರಿ ಅಕ್ಕಾರ! ದೀಕ್ಷಾಸ್ನಾನಕ್ಕ ಕ್ಯಾಥೊಲಿಕ್ಕ ಇರಬೇಕು, ಕೇಕಿಗೆ ಯಾರಾದ್ರೂ ಆಗತದ. ಖರ್ಚು ನಿಮ್ಮದು, ಆದರ ನೀವ ಆರ್ಸಿ ಆರ್ಡರ್ ಮಾಡಬ್ಯಾಡ್ರಿ, ಅವ್ವ ಮಗಳು ಇಬ್ರನ್ನೂ ಕರಕೊಂಡು ಪನದೆರಿಯಾಕ್ಕ, ಅಂದ್ರ ಅವ್ರ ಬೇಕರಿಗೆ, ಹೋಗ್ರಿ, ಅವ್ರ ಆರಸಲಿ. ಹೆಚ್ಚಾಗಿ ಮೂರು ಹಾಲಿಂದು, ತ್ರೆಸ್ ಲೆಚೆಸ್, ಹೇಳ್ತಾರ. ದೂರ ಒಯ್ಯಾಕ ಬರೂದಿಲ್ಲ, ಹಾಲ್ ಹತ್ರದ ಅಂಗಡಿ ನೋಡ್ರಿ. ಮತ್ತ ಕಾರ್ಡಿನ್ಯಾಗ ನಿಮ್ಮ ಹೆಸರು ಅಚ್ಚು ಹಾಕಸ್ತಾರ, ಅದಕ್ಕ ಬ್ಯಾಡ ಅನಬ್ಯಾಡ್ರಿ.

ತುಮಕೂರು_ತಂಗಿ

ಕಾರ್ಡಿಗೆ ಹೆಸರು ಬರ್ಕೊಡಿ ಅಂತ ದೊಡ್ಡ ಮಗಳು ಇವತ್ತು ಬೆಳಗ್ಗೆನೇ ಬಂದಿದ್ಲು. ಬರ್ಕೊಟ್ಟೆ, ನಮ್ಮೆಜಮಾನ್ರ ಹೆಸರೂ ಬೇಕು ಅಂದ್ಲು, ಅದನ್ನೂ ಬರ್ದೆ. ಮೆಟ್ಟಿಲ ಮೇಲೆ ಕೂತ್ಕೊಂಡು ಅವ್ರಮ್ಮ ಅದನ್ನ ಮೂರು ಸಲ ಓದಿ ಓದಿ ಬಾಯಿಗೆ ತಂದ್ಕೊಂಡ್ರು. ಶನಿವಾರ ಬೇಕರಿಗೆ ಹೋಗ್ತಿದೀವಿ, ಅಜ್ಜಿನೂ ಬರ್ತಾರಂತೆ.