ಉಣುಗಿನ ಔಷಧಿ ಬಿಟ್ಟ ಮೇಲೆ ನಮ್ಮ ಬೊಗ್ಗ ನಿಂತಲ್ಲಿ ನಿಲ್ಲುತ್ತಿಲ್ಲ, ತೊಳೆಯಬೇಕೋ ಬೇಡವೋ?

ಸುಮಾ, ತೀರ್ಥಹಳ್ಳಿ (ಬುಧವಾರ ರಾತ್ರಿ 10:10)

ಯಾರಾದರೂ ಎಚ್ಚರ ಇದ್ದರೆ ದಯವಿಟ್ಟು ಉತ್ತರಿಸಿ. ನಮ್ಮದು ತೀರ್ಥಹಳ್ಳಿ ಹತ್ತಿರದ ತೋಟದ ಮನೆ, ಬೇಲಿ ದಾಟಿದರೆ ಕಾಡು. ನಾಯಿ ಹೆಸರು ಬೊಗ್ಗ. ಊರುನಾಯಿ, ನಾಲ್ಕು ವರ್ಷ, ಅಡಿಕೆ ತೂಗುವ ತಕ್ಕಡಿಯಲ್ಲಿ ನಿಲ್ಲಿಸಿದರೆ ಎಂಟೂವರೆ ಕೆ.ಜಿ. ಈ ಕಾಲದಲ್ಲಿ ದರಗು ತರಲು ಹೋದವರ ಕಾಲಿಗೂ ಉಣುಗು, ದನಕ್ಕೂ ಉಣುಗು. ಇವನ ಕಿವಿಯೊಳಗಂತೂ ದ್ರಾಕ್ಷಿ ಗೊಂಚಲು. ನಮ್ಮ ಕಡೆ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಭಯ ಬೇರೆ ಇರುವುದರಿಂದ ಉಣುಗು ಕಂಡರೆ ಯಾರಿಗೂ ನಿದ್ದೆ ಬರುವುದಿಲ್ಲ.

ಬೆಂಗಳೂರಿನಲ್ಲಿರುವ ಮಗ ಕುತ್ತಿಗೆಗೆ ಬಿಡುವ ಟ್ಯೂಬ್ ಕೊರಿಯರ್ ಮಾಡಿದ್ದ. ಸಂಜೆ ಏಳಕ್ಕೆ ಡಬ್ಬಿಯಲ್ಲಿ ಚಿತ್ರ ತೋರಿಸಿದ ಹಾಗೆಯೇ ಎರಡು ಹೆಗಲಿನ ನಡುವೆ ಕೂದಲು ಬಿಡಿಸಿ, ಚರ್ಮಕ್ಕೆ ತಾಗುವಂತೆ ಪೂರ್ತಿ ಬಿಟ್ಟೆ. ಒಂದು ಗಂಟೆಯೊಳಗೆ ಶುರುವಾಯಿತು. ಯಾರೋ ಹಿಂದಿನಿಂದ ಚಿವುಟಿದ ಹಾಗೆ ಎಗರುವುದು, ತಿರುತಿರುಗಿ ಬೆನ್ನು ನೋಡಿಕೊಳ್ಳುವುದು, ಗೋಡೆಗೆ ಉಜ್ಜುವುದು, ಅಂಗಳದಲ್ಲಿ ಉರುಳುವುದು. ಬಾಯಲ್ಲಿ ಜೊಲ್ಲು. ಮೊಸರನ್ನ ಮೂಸಿಯೂ ನೋಡಲಿಲ್ಲ. ಈಗ ಬಚ್ಚಲೊಲೆ ಪಕ್ಕ ಮುದುರಿಕೊಂಡಿದ್ದಾನೆ.

ಎರಡು ದಿನ ಸ್ನಾನ ಮಾಡಿಸಬೇಡಿ ಎಂದು ಡಬ್ಬಿಯಲ್ಲಿದೆ. ತೊಳೆದರೆ ತಪ್ಪಾ, ಬಿಟ್ಟರೆ ತಪ್ಪಾ? ಪಶು ಆಸ್ಪತ್ರೆಯ ಬಾಗಿಲು ಇನ್ನು ಬೆಳಿಗ್ಗೆಯೇ. ಇನ್ನೊಂದು, ನಮ್ಮ ಬೆಕ್ಕು ಚಿನ್ನಿ ದಿನಾ ಇವನ ಹೊಟ್ಟೆಗೆ ಒರಗಿಯೇ ಮಲಗುವುದು.

ಹಳ್ಳಿಹೈದ (10:18)

ಅಕ್ಕಾ, ಗಾಬರಿ ಬೇಡ, ಉರಿ ಅಷ್ಟೇ. ಬೇವಿನೆಣ್ಣೆಗೆ ಅರಿಶಿನ ಕಲಸಿ ಬೆನ್ನಿಗೆಲ್ಲ ಸವರಿ. ನಮ್ಮಲ್ಲಿ ಹೊಗೆಸೊಪ್ಪಿನ ನೀರೇ ಹಾಕೋದು, ಒಂದು ಉಣುಗು ಉಳಿಯಲ್ಲ.

ನಿವೃತ್ತ ಪಶುವೈದ್ಯ, ಹಾಸನ (10:25)

ಎಣ್ಣೆ ಬೇಡ! ಹೊಗೆಸೊಪ್ಪಿನ ನೀರಂತೂ ಖಂಡಿತ ಬೇಡ, ನಾಯಿ ನೆಕ್ಕಿದರೆ ನಿಕೋಟಿನ್ ಒಂದು ಬೇರೆಯೇ ವಿಷ. ಸೀಮೆಎಣ್ಣೆ ಹಚ್ಚಿ ಚರ್ಮ ಸುಟ್ಟುಕೊಂಡು ಬಂದ ನಾಯಿಗಳನ್ನೂ ನೋಡಿದ್ದೇನೆ, ಆ ಸಲಹೆ ಬರುವ ಮೊದಲೇ ಹೇಳಿಬಿಡುತ್ತೇನೆ.

ಸುಮಾ ಅವರೇ, ಮೊದಲು ತೊಳೆಯಿರಿ, ಆಮೇಲೆ ಓದಿ. ಸ್ನಾನ ಬೇಡ ಎಂದು ಬರೆಯುವುದು ಔಷಧಿ ಮೈಗೆಲ್ಲ ಹರಡಲಿ ಎಂದು. ನಾಯಿಗೆ ಅದು ಒಗ್ಗದೆ ಹೋದಾಗ ಆ ಸೂಚನೆ ಲೆಕ್ಕಕ್ಕಿಲ್ಲ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ಎರಡು ಸಲ ತೊಳೆಯಿರಿ, ಕಣ್ಣಿಗೆ ಹೋಗದ ಹಾಗೆ. ಈ ಔಷಧಿಗಳು ಜಿಡ್ಡಿಗೆ ಕಚ್ಚಿಕೊಳ್ಳುವಂಥವು, ಬರೀ ನೀರಿಗೆ ಬಿಡುವುದಿಲ್ಲ. ಸುಡುನೀರು ಹಾಕಿದರೆ ಚರ್ಮದ ರಕ್ತನಾಳ ಹಿಗ್ಗಿ ಇನ್ನಷ್ಟು ಒಳಕ್ಕೆ ಇಳಿಯುತ್ತದೆ. ತಣ್ಣೀರು ಹಾಕಿ ಮೈ ತಣ್ಣಗಾದರೆ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಜಾತಿಯ ಔಷಧಿ ನರಗಳಿಗೆ ಮತ್ತೂ ಜೋರಾಗಿ ತಾಗುತ್ತದೆ. ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಬೆಚ್ಚಗೆ ಮಲಗಿಸಿ. ವಾಂತಿ ಮಾಡಿಸಲು ಹೋಗಬೇಡಿ. ಕುಡಿಯಲು ನೀರಿಡಿ. ಬೆಕ್ಕನ್ನು ಈ ಕ್ಷಣವೇ ಬೇರೆ ಕೋಣೆಗೆ ಹಾಕಿ ಬಾಗಿಲು ಮುಚ್ಚಿ.

ಆಮೇಲೆ ಇಷ್ಟು ನೋಡಿ ಹೇಳಿ: ಡಬ್ಬಿಯಲ್ಲಿ ಬರೆದಿರುವ ಔಷಧಿಯ ಹೆಸರೇನು (ಕಂಪನಿ ಹೆಸರು ಬೇಡ), ಎಷ್ಟು ಕೆ.ಜಿ. ನಾಯಿಗೆಂದು ಇದೆ, ಹದಿನೈದು ದಿನದಲ್ಲಿ ಮೈಗೆ ಬೇರೆ ಏನಾದರೂ ಹಾಕಿದ್ದಿರಾ. ಮನೆಯಲ್ಲಿ ಎಲ್ಲರನ್ನೂ ಕೇಳಿ. ಈ ಕೊನೆಯ ಪ್ರಶ್ನೆಗೆ ಎಲ್ಲರೂ ಮೊದಲು "ಇಲ್ಲ" ಎಂದೇ ಹೇಳುವುದು.

ಸುಮಾ, ತೀರ್ಥಹಳ್ಳಿ (11:35)

ತೊಳೆದಾಯಿತು ಡಾಕ್ಟ್ರೇ. ನಮ್ಮನೆಯವರು ಹಿಡಿದುಕೊಂಡರು, ಬಚ್ಚಲೆಲ್ಲ ನೊರೆ. ಜೊಲ್ಲು ನಿಂತಿದೆ, ಎಗರುವುದು ಸ್ವಲ್ಪ ಕಡಿಮೆ. ಔಷಧಿ ಬಿಟ್ಟ ಜಾಗ ಕೆಂಪಗಿದೆ.

ಡಬ್ಬಿಯಲ್ಲಿ ಫಿಪ್ರೊನಿಲ್ ಮತ್ತು ಪರ್ಮೆಥ್ರಿನ್ ಎಂದಿದೆ. 10ರಿಂದ 20 ಕೆ.ಜಿ. ನಾಯಿಗೆ! ಮಗ ಬೊಗ್ಗನನ್ನು ಕಳೆದ ದಸರೆಗೆ ನೋಡಿದ್ದು. ಫೋನಿನಲ್ಲಿ ಬೊಗಳುವುದನ್ನು ಕೇಳಿ ತೂಕ ಅಂದಾಜು ಮಾಡಿದನೋ ಏನೋ. ನಾನೂ ಕನ್ನಡಕ ಹಾಕಿಕೊಂಡು ಓದಿದ್ದು ಹೇಗೆ ಬಿಡಬೇಕು ಅನ್ನುವುದನ್ನು ಮಾತ್ರ.

ಮೂರನೆಯದಕ್ಕೆ "ಇಲ್ಲ" ಎಂದು ಟೈಪ್ ಮಾಡಿಯೇ ಬಿಟ್ಟಿದ್ದೆ. ನಿಮ್ಮ ಮಾತು ನೆನಪಾಗಿ ಮಾವನನ್ನು ಎಬ್ಬಿಸಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಾನುವಾರ ದನದ ಮೈಗೆ ಔಷಧಿ ಹಾಕಿದೆ, ಬಕೆಟ್ಟಲ್ಲಿ ಉಳಿದದ್ದು ಚೆಲ್ಲೋದು ಯಾಕೆ ಅಂತ ಇವನಿಗೂ ಹುಯ್ದೆ" ಅಂದರು. ಕೊಟ್ಟಿಗೆಯ ಬಾಟಲಿ ನೋಡಿದೆ, ಡೆಲ್ಟಾಮೆಥ್ರಿನ್ ಅಂತ ಇದೆ. ನೀರಿಗೆ ಎಷ್ಟು ಬೆರೆಸಿದಿರಿ ಎಂದರೆ "ಮುಚ್ಚಳದಲ್ಲಿ, ಅಂದಾಜಿಗೆ" ಎಂದರು.

ನಿವೃತ್ತ ಪಶುವೈದ್ಯ, ಹಾಸನ (11:50)

ನನ್ನ ಸರ್ವಿಸಿನಲ್ಲಿ ಅರ್ಧಕ್ಕರ್ಧ ಕೇಸು ಇದೇ ಬಕೆಟ್ಟಿನದು. ಮಾವನವರ ಮೇಲೆ ರೇಗಬೇಡಿ, ಹಳ್ಳಿಯಲ್ಲಿ ಎಲ್ಲರೂ ಮಾಡುವುದೇ.

ಡೆಲ್ಟಾಮೆಥ್ರಿನ್, ಪರ್ಮೆಥ್ರಿನ್ ಎರಡೂ ಪೈರೆಥ್ರಾಯ್ಡ್‌ಗಳು, ಒಂದೇ ಮನೆತನ. ಮೂರು ದಿನದ ಹಿಂದೆ ಅಳತೆಯಿಲ್ಲದೆ ಒಂದು, ಇವತ್ತು ದೊಡ್ಡ ನಾಯಿಯ ಟ್ಯೂಬಿನಲ್ಲಿ ಇನ್ನೊಂದು. ಇವು ಚರ್ಮದ ನರಗಳನ್ನು ಕೆರಳಿಸುತ್ತವೆ, ಇರುವೆ ಹರಿದಂತೆ ಜುಮುಗುಟ್ಟುತ್ತದೆ. ಅವನು ಎಗರಿ ಬೆನ್ನು ನೋಡಿಕೊಂಡದ್ದು ಅದಕ್ಕೇ. ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ. ಜೊಲ್ಲು ಬಹುಶಃ ನೆಕ್ಕಿದ್ದರಿಂದ, ಟ್ಯೂಬಿನ ದ್ರಾವಣ ಕಹಿ.

ರಾತ್ರಿ ಒಂದೆರಡು ಸಲ ಎದ್ದು ನೋಡಿ. ಮೈಯ ಮಾಂಸಖಂಡ ಅದುರುತ್ತಿದ್ದರೆ, ಕುಡಿದವನ ಹಾಗೆ ತೂರಾಡಿದರೆ, ಫಿಟ್ಸ್ ಬಂದರೆ ಬೆಳಗಾಗಲಿ ಎಂದು ಕೂರಬೇಡಿ. ವಾಹನ ಮಾಡಿಕೊಂಡು ಹೊರಡಿ, ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಡಬ್ಬಿ, ಬಾಟಲಿ ಎರಡೂ ಜೊತೆಗಿರಲಿ. "ಏನೋ ಹಚ್ಚಿದೆವು" ಎಂದರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಉದಾಹರಣೆಗೆ, ಉಣುಗಿಗೆಂದೇ ಸ್ನಾನಕ್ಕೆ ಕೊಡುವ ಅಮಿಟ್ರಾಜ್ ಎಂಬ ಔಷಧಿ ಹೆಚ್ಚಾದರೆ ಲಕ್ಷಣವೇ ತಿರುಗುಮುರುಗು: ನಾಯಿ ಮಂಕಾಗಿ ತೂಕಡಿಸುತ್ತದೆ, ಎದೆಬಡಿತ ನಿಧಾನವಾಗುತ್ತದೆ, ರಕ್ತದ ಸಕ್ಕರೆ ಏರುತ್ತದೆ. ಅದಕ್ಕೆ ಚಿಕಿತ್ಸೆಯೂ ಬೇರೆ.

ನನಗೆ ಬೊಗ್ಗನಿಗಿಂತ ಚಿನ್ನಿಯದೇ ಹೆಚ್ಚು ಚಿಂತೆ. ಪರ್ಮೆಥ್ರಿನನ್ನು ನಾಯಿಯ ಯಕೃತ್ತು ಒಡೆದು ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿನಲ್ಲಿ ಆ ಕೆಲಸದ ಕಿಣ್ವ ತೀರಾ ಕಡಿಮೆ. ನಾಯಿಯ ಟ್ಯೂಬನ್ನು ಬೆಕ್ಕಿಗೆ ಬಿಟ್ಟು ಸತ್ತ ಉದಾಹರಣೆಗಳು ಎಷ್ಟೋ. ಔಷಧಿ ಹಾಕಿದ ನಾಯಿಗೆ ಒರಗಿ ಮಲಗಿದ್ದೂ ಅಪಾಯವೇ. ಮೂರು ದಿನ ದೂರ ಇಡಿ, ಬೊಗ್ಗನ ಗೋಣಿಚೀಲವನ್ನೂ ಒಗೆಯಿರಿ. ಅವಳ ಕಿವಿ, ಮುಖ ಅದುರಿದರೆ ತಕ್ಷಣ ಆಸ್ಪತ್ರೆ.

ಪಗ್ಗಪ್ಪ, ಮಲ್ಲೇಶ್ವರ (ಗುರುವಾರ ಬೆಳಿಗ್ಗೆ 6:30)

ಮೇಡಂ, ಬೊಗ್ಗ ಹೇಗಿದ್ದಾನೆ? ನಮ್ಮ ಪಗ್‌ಗೂ ಆಗಿತ್ತು. ಅಂಗಡಿಯವರು "ದೊಡ್ಡ ನಾಯಿ ಟ್ಯೂಬ್ ತಗೊಳ್ಳಿ ಸಾರ್, ಎರಡು ತಿಂಗಳಿಗೆ ಅರ್ಧ ಅರ್ಧ ಬಿಡಿ, ದುಡ್ಡು ಉಳಿಯುತ್ತೆ" ಅಂದರು. ಅರ್ಧ ಎಲ್ಲಿಗೆ ಅಂತ ಟ್ಯೂಬಲ್ಲಿ ಗೆರೆ ಇರುತ್ತಾ? ಕೈ ಜಾರಿ ಮುಕ್ಕಾಲು ಹೋಯಿತು. ಬಿಟ್ಟ ಜಾಗದಲ್ಲಿ ಕೂದಲು ಉದುರಿ ಎಂಟಾಣೆ ಅಗಲ ಬೋಳಾಯಿತು, ಬೆಳೆಯಲು ಎರಡು ತಿಂಗಳು.

ಆಮೇಲೆ ಕೂತು ಒಂದಿಷ್ಟು ಓದಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಗೆ 2008ರ ಒಂದೇ ವರ್ಷ ಇಂಥ ಹನಿ ಔಷಧಿಗಳ ಬಗ್ಗೆ ಸುಮಾರು 44,000 ದೂರು ಬಂದಿತ್ತಂತೆ. ಹೆಚ್ಚಿನವು ಚರ್ಮದ ಉರಿ, ಕೆಲವು ಫಿಟ್ಸ್, ಸಾವು. ತೊಂದರೆ ಜಾಸ್ತಿ ಆಗಿದ್ದು ಸಣ್ಣ ನಾಯಿಗಳಿಗೆ. ಹಾಗಂತ ನಾನು ತಿನ್ನಿಸುವ ಮಾತ್ರೆಗೆ ಬದಲಾಯಿಸೋಣ ಅಂತಿದ್ದೆ. ನಮ್ಮವನಿಗೆ ಮರಿಯಿದ್ದಾಗ ಎರಡು ಸಲ ಫಿಟ್ಸ್ ಬಂದಿತ್ತು. ಫ್ಲುರಲನರ್, ಅಫೊಕ್ಸೊಲನರ್ ಗುಂಪಿನ ಮಾತ್ರೆಗಳಿಂದ ಕೆಲವು ನಾಯಿಗಳಿಗೆ ನಡುಕ, ಫಿಟ್ಸ್ ಬರಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ ಎಂದು ನಮ್ಮ ಡಾಕ್ಟರ್ ಬೇಡ ಅಂದರು. ಈಗ ಅವನ ತೂಕದ ಫಿಪ್ರೊನಿಲ್ ಮಾತ್ರ, ಹಾಕಿದ ದಿನ ನೆಕ್ಕದ ಹಾಗೆ ಕುತ್ತಿಗೆಗೆ ಪ್ಲಾಸ್ಟಿಕ್ ಕೋನ್. ಪೂರ್ತಿ ಬಿಟ್ಟುಬಿಡುವ ಧೈರ್ಯ ಇಲ್ಲ, ಪಕ್ಕದ ಮನೆ ಲ್ಯಾಬ್ರಡಾರ್ ಟಿಕ್ ಫೀವರ್‌ನಲ್ಲಿ (ಉಣುಗಿನಿಂದ ಬರುವ ಜ್ವರ) ಹೋಗಿದ್ದನ್ನು ಕಣ್ಣಾರೆ ನೋಡಿದ್ದೀನಿ.

ಸುಮಾ, ತೀರ್ಥಹಳ್ಳಿ (ಶುಕ್ರವಾರ ಸಂಜೆ)

ತಡವಾಯಿತು, ಕ್ಷಮಿಸಿ. ಆ ರಾತ್ರಿ ಎರಡು ಗಂಟೆಗೆ ಎದ್ದು ನೋಡಿದಾಗ ಬೊಗ್ಗ ಗೊರಕೆ ಹೊಡೆಯುತ್ತಿದ್ದ. ಬೆಳಿಗ್ಗೆ ಮೊಸರನ್ನ ತಿಂದ. ಆದರೂ ಡಬ್ಬಿ, ಬಾಟಲಿ, ನಾಯಿ ಮೂರನ್ನೂ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆವು. ನಡುಕ ಇಲ್ಲ, ಎದೆಬಡಿತ ಸರಿ ಇದೆ ಎಂದು ಕೆಂಪಾದ ಜಾಗಕ್ಕೆ ಮಾತ್ರ ಔಷಧಿ ಕೊಟ್ಟರು. ಒಂದು ತಿಂಗಳು ಮೈಗೆ ಏನೂ ಹಾಕುವ ಹಾಗಿಲ್ಲ. ಆಮೇಲೆ ಫಿಪ್ರೊನಿಲ್ ಒಂದೇ ಇರುವುದು, 10 ಕೆ.ಜಿ. ಒಳಗಿನ ನಾಯಿಯ 0.67 ಮಿಲೀ ಟ್ಯೂಬ್. ಅಲ್ಲಿಯವರೆಗೆ ದಿನಾ ಸಂಜೆ ಚಿಮುಟದಲ್ಲಿ ಬುಡಕ್ಕೇ ಹಿಡಿದು ಕಿತ್ತು ಸೋಪಿನ ನೀರಿಗೆ ಹಾಕುವುದು. ಆ ಕೆಲಸ ಮಾವನೇ ವಹಿಸಿಕೊಂಡಿದ್ದಾರೆ. ನಿನ್ನೆ ಮೂವತ್ತೊಂದು ಎಣಿಸಿದರಂತೆ, ಉಣುಗು ಅಡಗುತ್ತದೆಂದು ಕೊಟ್ಟಿಗೆ ಗೋಡೆಯ ಬಿರುಕಿಗೆ ಸಿಮೆಂಟು ಬಳಿಯಬೇಕು ಎನ್ನುತ್ತಿದ್ದಾರೆ. ದನದ ಔಷಧಿ ಬೀರುವಿನಲ್ಲಿದೆ, ಬೀಗದ ಕೈ ನನ್ನ ಸೊಂಟದಲ್ಲಿ.

ಚಿನ್ನಿಗೆ ಏನೂ ಆಗಿಲ್ಲ. ಅಕ್ಕಿ ಕೋಣೆಯಲ್ಲಿ ಕೂಡಿಹಾಕಿದ್ದಕ್ಕೆ ಎರಡು ರಾತ್ರಿಯಿಂದ ಮನೆಮಂದಿಗೆಲ್ಲ ಬೈಯುತ್ತಿದ್ದಾಳೆ, ನಾಳೆ ಸಂಜೆ ಬಾಗಿಲು ತೆಗೆಯುತ್ತೇನೆ.